ಅಪ್ಪನನ್ನು ಕೋಲ್‌ಬ್ರೂಕ್‌ಡೇಲ್‌ಗೆ ಕರ್ಕೊಂಡು ಹೋಗ್ಬೇಕು, ಒಂದು ದಿನ ಸಾಕಾ?

ನ್ಯೂಟೌನ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಪ್ಪ ಅಮ್ಮ ಭದ್ರಾವತಿಯಿಂದ ಬಂದು ಮೂರು ವಾರ ಆಯ್ತು. ಲಂಡನ್ ಸುತ್ತಿಸಿದೆ, ಅರಮನೆ ತೋರಿಸಿದೆ. ಅಪ್ಪ ಎಲ್ಲಕ್ಕೂ "ಚೆನ್ನಾಗಿದೆ ಕಣೋ" ಅಂದು ಸುಮ್ಮನಾಗ್ತಾರೆ. ಮನೆಗೆ ಬಂದರೆ ಕಿಟಕಿ ಪಕ್ಕ ಕೂತು ರಸ್ತೆ ನೋಡ್ತಾರೆ. ಅವರು ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ 31 ವರ್ಷ ಎರಕ ಹೊಯ್ದವರು. ನಮ್ಮ ತಾತ ಅದೇ ಕಾರ್ಖಾನೆಗೆ ಕಾಡಿಂದ ಸೌದೆ ಸಾಗಿಸ್ತಿದ್ರಂತೆ. ಮೊನ್ನೆ ಯಾರೋ ಕೋಲ್‌ಬ್ರೂಕ್‌ಡೇಲ್ ಹೆಸರು ಹೇಳಿದರು, ಕಬ್ಬಿಣದ ಕೆಲಸಕ್ಕೆ ಅದು ತವರುಮನೆ ಇದ್ದಂಗೆ ಅಂತ. ನಮ್ಮನೆಯಿಂದ ಕಾರಲ್ಲಿ ಒಂದು ಗಂಟೆ ದಾರಿ.

ಹೋದವರು ಹೇಳಿ: ಒಂದು ದಿನ ಸಾಕಾ? ಅಪ್ಪನಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯೋಕಾಗಲ್ಲ. ಏನು ನೋಡ್ಬೇಕು, ಏನು ಬಿಡಬಹುದು?

ಮಲೆನಾಡ ಮಳೆ:
ಒಂದು ದಿನ ಸಾಲದು, ಎರಡು ದಿನ ಇಟ್ಕೊಳ್ಳಿ. ಸೆವರ್ನ್ ನದಿಯ ಕಣಿವೆ ಉದ್ದಕ್ಕೂ ಮ್ಯೂಸಿಯಂಗಳು ಹರಡಿವೆ. ಮಂಡಿನೋವು ಇರೋರನ್ನ ಓಡಿಸ್ಬೇಡಿ.

ಸೆವರ್ನ್ ದಡ:
ನಾನು ಟೆಲ್ಫರ್ಡ್‌ನಲ್ಲೇ ಆರು ವರ್ಷದಿಂದ ಇದ್ದೀನಿ, ಊರಿಂದ ಬಂದವರನ್ನೆಲ್ಲ ಕರ್ಕೊಂಡು ಹೋಗೋ ಕೆಲಸ ನನ್ನದೇ. ನನ್ನ ಮಾತು ಕೇಳಿ. ಎಲ್ಲರೂ ಮೊದಲು ಸೆವರ್ನ್ ಮೇಲಿನ ಕಬ್ಬಿಣದ ಸೇತುವೆಗೆ ಓಡ್ತಾರೆ, ಫೋಟೋ ಹೊಡೆದು ವಾಪಸ್. ನಿಮ್ಮ ತಂದೆ ಎರಕದವರು ಅಂದ್ರಲ್ಲ, ಅವರನ್ನ ಬೆಳಿಗ್ಗೆ ಮೊದಲು ಹಳೇ ಕುಲುಮೆಗೆ ಕರ್ಕೊಂಡು ಹೋಗಿ. ಅದು ಕಬ್ಬಿಣದ ಮ್ಯೂಸಿಯಂ ಅಂಗಳದಲ್ಲೇ ಇದೆ, ಪಕ್ಕದಲ್ಲಿ ಇಟ್ಟಿಗೆ ಕಮಾನುಗಳ ರೈಲು ಸೇತುವೆ ಹಾದು ಹೋಗುತ್ತೆ. ಕುಲುಮೆ ಮೇಲೆ ಮಳೆ ಬೀಳದ ಹಾಗೆ ತ್ರಿಕೋನದ ದೊಡ್ಡ ಹೊದಿಕೆ ಕಟ್ಟಿದ್ದಾರೆ. 1709ರಲ್ಲಿ ಮೊದಲನೇ ಅಬ್ರಹಾಂ ಡಾರ್ಬಿ ಇದ್ದಿಲ ಬದಲು ಕೋಕ್ (ಕಾಯಿಸಿ ಹೊಗೆ ತೆಗೆದ ಕಲ್ಲಿದ್ದಲು) ಹಾಕಿ ಕಬ್ಬಿಣ ಇಳಿಸಿದ್ದು ಆ ಕುಲುಮೆಯಲ್ಲೇ. ಅದು ಸುಮಾರು 1818ರಲ್ಲಿ ಆರಿತು. ಆಮೇಲೆ ಮಣ್ಣಲ್ಲಿ ಮುಚ್ಚಿಹೋಗಿದ್ದನ್ನ 250 ವರ್ಷದ ನೆನಪಿಗೆ 1959ರಲ್ಲಿ ಅಗೆದು ತೆಗೆದರು.

ಊಟ ಆದಮೇಲೆ ಸೇತುವೆ. ಅದರ ಮೇಲೆ ನಡೆಯೋಕೆ ದುಡ್ಡಿಲ್ಲ. ಬ್ಲಿಸ್ಟ್ಸ್ ಹಿಲ್ ಅನ್ನೋ ಹಳೇ ಕಾಲದ ಊರು ಇನ್ನೊಂದು ದಿನಕ್ಕೆ ಇರಲಿ, ಅಲ್ಲಿ ಇಳಿಜಾರು ಜಾಸ್ತಿ. ಯಾವ ಮ್ಯೂಸಿಯಂ ಯಾವ ವಾರ ತೆರೆದಿರುತ್ತೆ ಅಂತ ಹೊರಡೋ ಹಿಂದಿನ ದಿನ ಜಾಲತಾಣ ನೋಡ್ಕೊಳ್ಳಿ, ಋತು ಬದಲಾದಂಗೆ ಬದಲಾಗುತ್ತೆ.

ಚಿನ್ನದ ಗಣಿ:
ಕೋಕ್ ಕಂಡುಹಿಡಿದವರೇ ಡಾರ್ಬಿ ಅಲ್ವಾ, ಶಾಲೆಯಲ್ಲಿ ಓದಿದ ನೆನಪು.

ಸೆವರ್ನ್ ದಡ:
ಅಲ್ಲ. ಕೋಕ್ ಮೊದಲೇ ಇತ್ತು. ಬಿಯರ್‌ಗೆ ಬೇಕಾದ ಮಾಲ್ಟ್ ಒಣಗಿಸೋಕೆ ಬಳಸ್ತಿದ್ರು, ಹಸಿ ಕಲ್ಲಿದ್ದಲ ಹೊಗೆ ಕಾಳಿಗೆ ಹತ್ತಬಾರದು ಅಂತ. ಡಾರ್ಬಿ ಹುಡುಗನಾಗಿದ್ದಾಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಲ್ಟ್ ಅರೆಯೋ ಗಿರಣಿ ಮಾಡುವವರ ಹತ್ತಿರ ಕೆಲಸ ಕಲಿತವನು. ಅಲ್ಲೇ ಇದನ್ನ ನೋಡಿರಬೇಕು ಅಂತ ನನ್ನ ಊಹೆ. ಕುಲುಮೆಗೆ ಅದನ್ನ ತಂದು ದಂಧೆಯಾಗಿ ನಡೆಸಿ ತೋರಿಸಿದ್ದು ಅವನ ಸಾಧನೆ. ಆ ಭಾಗದ ಕಲ್ಲಿದ್ದಲಲ್ಲಿ ಕಬ್ಬಿಣ ಕೆಡಿಸೋ ಗಂಧಕ ಕಡಿಮೆ, ಅದೂ ಕೈ ಹಿಡಿಯಿತು.

ದೋಸೆ ಕಾವಲಿ:
ಇನ್ನೊಂದು ಸೇರಿಸ್ತೀನಿ. ಆ ಮನುಷ್ಯನಿಗೆ ಬೇಕಾಗಿದ್ದು ಸೇತುವೆನೂ ಅಲ್ಲ, ಫಿರಂಗಿನೂ ಅಲ್ಲ, ಅಡುಗೆ ಪಾತ್ರೆ! 1707ರಲ್ಲಿ ಮರಳಚ್ಚಿನಲ್ಲಿ ಬೀಡು ಕಬ್ಬಿಣದ ತೆಳು ಪಾತ್ರೆ ಎರಕ ಹೊಯ್ಯೋದಕ್ಕೆ ಪೇಟೆಂಟ್ ತಗೊಂಡ. ಅದುವರೆಗೆ ಬಡವರ ಮನೆಗೆ ಹಿತ್ತಾಳೆ ಪಾತ್ರೆ ದುಬಾರಿ. ನಮ್ಮಜ್ಜಿ ಹತ್ರ ಒಂದು ಬೀಡಿನ ಕಾವಲಿ ಇತ್ತು, ಮೂರು ತಲೆಮಾರು ದೋಸೆ ಹುಯ್ದಿದೆ. ಮ್ಯೂಸಿಯಂನಲ್ಲಿ ಡಾರ್ಬಿ ಕಾಲದ ಪಾತ್ರೆ ಮುಂದೆ ನಿಂತಾಗ ನನಗೆ ಅಜ್ಜಿ ಒಲೆನೇ ಕಣ್ಣಿಗೆ ಬಂತು. ನಿಮ್ಮ ಅಮ್ಮನಿಗೆ ಅದನ್ನ ಮರೀದೆ ತೋರಿಸಿ, ಅಪ್ಪ ಕುಲುಮೆ ನೋಡ್ತಾ ನಿಂತರೆ ಅಮ್ಮನಿಗೆ ಬೇಜಾರಾಗಬಾರದು.

ಬಳ್ಳಾರಿ ಬಿಸಿಲು:
ಹಂಗಾರ ನಮ್ಮ ಕಡೆ ಏನೂ ಇದ್ದಿಲ್ಲ ಅಂತನ ಮಾತಾಡಾಕತ್ತೀರಲ್ರೀ. ಹಾವೇರಿ ಜಿಲ್ಲಾದ ಹಳ್ಳೂರಾಗ ಮೂರು ಸಾವಿರ ವರ್ಷದ ಹಿಂದಿನ ಕಬ್ಬಿಣ ಸಿಕ್ಕೈತಿ. ನಮ್ಮ ಹಳೇ ಉಕ್ಕಿಗೆ ಇಂಗ್ಲೀಷಿನ್ಯಾಗ ವುಟ್ಜ್ ಅಂತಾರಲ್ಲ, ಅದು ನಮ್ಮ "ಉಕ್ಕು" ಅನ್ನೋ ಶಬ್ದನ. ದಮಾಸ್ಕಸ್ ಕತ್ತಿ ಅಷ್ಟೂ ಕನ್ನಡ ನಾಡಿನ ಉಕ್ಕಿನಿಂದನ ಆಗಿದ್ದು. ಡಾರ್ಬಿ ನಿನ್ನೆ ಮೊನ್ನೆ ಬಂದಾಂವ.

ತುಂಗೆಯ ತಟ:
ಹಳ್ಳೂರಿನ ಮಾತು ಒಪ್ಪಿದೆ. "ಅಷ್ಟೂ" ಅನ್ನೋದು ಬಿಡಿ ಅಣ್ಣ. ಆ ಉಕ್ಕು ಮೈಸೂರು ಸೀಮೆಯಲ್ಲೂ ಆಗ್ತಿತ್ತು, ಸೇಲಂ ಕಡೆ, ತೆಲಂಗಾಣದ ಕೋನಸಮುದ್ರಂ ಕಡೆ, ಶ್ರೀಲಂಕಾದಲ್ಲೂ ಆಗ್ತಿತ್ತು. ಪದ "ಉಕ್ಕು" ಇಂದ ಬಂತು ಅಂತ ನಿಘಂಟುಗಳು ಹೇಳೋದು ನಿಜ, ತೆಲುಗಿನವರೂ ಅದನ್ನೇ ಉಕ್ಕು ಅಂತಾರೆ. 1800ರಲ್ಲಿ ಬುಕಾನನ್ ಅನ್ನೋ ಕಂಪನಿ ಸರ್ಕಾರದ ವೈದ್ಯ ಮೈಸೂರು ಸೀಮೆ ಸುತ್ತುವಾಗ ಚನ್ನಪಟ್ಟಣದಲ್ಲಿ ವಾದ್ಯಕ್ಕೆ ಬೇಕಾದ ಉಕ್ಕಿನ ತಂತಿ ಎಳೆಯೋದನ್ನ ಬರೆದಿದ್ದಾನೆ. ವೀಣೆ ತಂತಿ! ಲಂಡನ್ನಿನಲ್ಲಿ ವಿಜ್ಞಾನಿ ಫ್ಯಾರಡೆಯಂಥವರೇ ಸ್ಟೊಡಾರ್ಟ್ ಅನ್ನೋ ಚಾಕು ಮಾಡುವವನ ಜೊತೆ ಕೂತು 1819–20ರಲ್ಲಿ ವುಟ್ಜ್ ಮೇಲೆ ಪ್ರಯೋಗ ಮಾಡಿದರು. ಇಷ್ಟು ನಿಜ ಇರುವಾಗ ಉತ್ಪ್ರೇಕ್ಷೆ ಯಾಕೆ ಬೇಕು?

ಬಳ್ಳಾರಿ ಬಿಸಿಲು:
ಆತ್ರಿ, "ಅಷ್ಟೂ" ಹಿಂದಕ್ಕ ತಗೊಂಡೆ. ಆದ್ರ ನಮ್ಮವರು ಉಕ್ಕು ಕರಗಿಸೋ ಮೂಸಿ ಚಿಕ್ಕದು, ಕುಲುಮಿ ದೊಡ್ಡದು ಅಂತ ನಮ್ಮ ಕಮ್ಮಾರರನ್ನ ಮರೀಬ್ಯಾಡ್ರಿ. ಅಷ್ಟ ನಂದು.

ಹಳೇ ಶಿಫ್ಟು:
ಈ ಚರ್ಚೆಯಲ್ಲಿ ಭದ್ರಾವತಿಯವರು ಬಂದಿದ್ದಾರೆ ಅಂತ ನೋಡಿ ಬರೆಯುತ್ತಿದ್ದೇನೆ. ನಾನೂ ಅಲ್ಲೇ ದುಡಿದವನು, ಈಗ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದೇನೆ. ತಮ್ಮಾ, ನಿನ್ನ ತಂದೆಗೆ ಆ ಕುಲುಮೆ ತೋರಿಸುವ ಮುಂಚೆ ಒಂದು ಮಾತು ಹೇಳು. ಕೋಲ್‌ಬ್ರೂಕ್‌ಡೇಲಿನವರು 1709ರಲ್ಲಿ ಯಾವುದನ್ನು ಬಿಟ್ಟರೋ, ಭದ್ರಾವತಿಯವರು 1923ರಲ್ಲಿ ಅದನ್ನೇ ಹಿಡಿದರು. ಇದ್ದಿಲು!

ಹಿಂದುಳಿದಿದ್ದೆವು ಅಂತಲ್ಲ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲೇ ಇಲ್ಲ. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರಿದೆ, ಸುತ್ತ ದಟ್ಟ ಕಾಡಿದೆ, ಪಕ್ಕದಲ್ಲಿ ಭದ್ರಾ ನದಿ ಇದೆ. ಕಲ್ಲಿದ್ದಲು ತರಬೇಕಾದರೆ ಬಂಗಾಳ, ಬಿಹಾರದಿಂದ ತರಬೇಕು. ಅದಕ್ಕೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಾಲ್ವಡಿಯವರ ಕಾಲದಲ್ಲಿ, 1918ರಲ್ಲಿ ಶುರುವಾದ ಕಾರ್ಖಾನೆಗೆ ಸೌದೆ ಬಟ್ಟಿ ಇಳಿಸುವ ಘಟಕವನ್ನೂ ಸೇರಿಸಿದರು. ಸೌದೆಯನ್ನು ಬಯಲಲ್ಲಿ ಗುಂಪು ಹಾಕಿ ಸುಡುವುದಲ್ಲ. ಮುಚ್ಚಿದ ಪಾತ್ರದಲ್ಲಿಟ್ಟು ಕಾಯಿಸಿದರೆ ಇದ್ದಿಲು ಉಳಿಯುತ್ತದೆ, ಏಳುವ ಹಬೆಯನ್ನು ತಣಿಸಿದರೆ ಮರದ ಸ್ಪಿರಿಟ್ಟು, ಅಸಿಟಿಕ್ ಆಮ್ಲದ ಸರಕು, ಟಾರು ಸಿಗುತ್ತದೆ. ಹೊಗೆಯಲ್ಲೂ ದುಡ್ಡು ಹುಟ್ಟಿಸುವ ಲೆಕ್ಕಾಚಾರ. ಇದ್ದಿಲ ಕಬ್ಬಿಣದಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಎರಕದವರಿಗೆ ಅಂಥ ಬೀಡು ಅಂದರೆ ಪ್ರಾಣ.

ನಮ್ಮ ಊರಿನ ಹಳೆ ಹೆಸರು ಬೆಂಕಿಪುರ. ಕಾರ್ಖಾನೆ ಬರುವ ಮುಂಚೆಯೇ ಆ ಹೆಸರಿತ್ತು.

ಮಲೆನಾಡ ಮಳೆ:
ಆ ಕಾಡು ಏನಾಯ್ತು ಅಂತಲೂ ಹೇಳಿ ಸರ್. ನಾವು ಕಾಡಂಚಿನವರು. ಕುಲುಮೆಗೆ ಅಂತ ಎಷ್ಟು ಮರ ಬಿತ್ತು ಅನ್ನೋ ಮಾತು ನಮ್ಮ ಮನೆಗಳಲ್ಲಿ ಈಗಲೂ ಬರುತ್ತೆ. ಇಂಗ್ಲೆಂಡಿನವರೂ ಕಾಡು ಮುಗೀತು ಅಂತಲೇ ಕೋಕ್‌ಗೆ ಹೋದದ್ದು.

ಸೆವರ್ನ್ ದಡ:
ಆ ಕೊನೇ ವಾಕ್ಯ ಅಷ್ಟು ಸರಳ ಅಲ್ಲ. ಅಲ್ಲಿಯ ಕಬ್ಬಿಣದವರು ಕಡಿದರೆ ಮತ್ತೆ ಚಿಗುರೋ ತೋಪು ಬೆಳೆಸಿ, ಸರದಿ ಮೇಲೆ ಕಡಿದು ಇದ್ದಿಲು ಮಾಡ್ತಿದ್ರು. ಇದ್ದಿಲ ಬೆಲೆ ಕಷ್ಟ ಕೊಡ್ತಿದ್ದದ್ದು ನಿಜ, ಕಾಡು ಪೂರ್ತಿ ಮುಗಿದಿರಲಿಲ್ಲ. ಇನ್ನೊಂದು ಕಾರಣ ಇದೆ: ಇದ್ದಿಲು ಮೆದು, ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗುತ್ತೆ, ಗಾಳಿ ಆಡಲ್ಲ. ಹಾಗಾಗಿ ಕುಲುಮೆ ಎತ್ತರಕ್ಕೆ ಮಿತಿ. ಕೋಕ್ ಗಟ್ಟಿ, ಭಾರ ಹೊರುತ್ತೆ. ಮುಂದೆ ದೈತ್ಯ ಕುಲುಮೆ ಕಟ್ಟೋಕೆ ಆಗಿದ್ದು ಅದರಿಂದ. ಆದರೂ ಡಾರ್ಬಿಯ ದಾರಿ ಬೇರೆಯವರು ಹಿಡಿಯೋಕೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡೀತು. ಕೋಕ್ ಕಬ್ಬಿಣ ತೆಳು ಎರಕಕ್ಕೆ ಚೆನ್ನಾಗಿ ಹರಿಯುತ್ತೆ, ಬಡಿದು ಮೆತು ಕಬ್ಬಿಣ ಮಾಡೋಕೆ ಮಾತ್ರ ಕಮ್ಮಾರರು ಅದಕ್ಕೆ ಮುಖ ತಿರುಗಿಸ್ತಿದ್ರು.

ಹಳೇ ಶಿಫ್ಟು:
ಕಾಡಿನ ಮಾತು ಸುಳ್ಳಲ್ಲ ತಾಯಿ. ಶಿವಮೊಗ್ಗ, ಕಡೂರು ಸೀಮೆಯ ಕಾಡಿನಿಂದಲೇ ಸೌದೆ ಬಂದದ್ದು. ಅದಕ್ಕಾಗಿ ಟ್ರಾಮ್ ಹಳಿಗಳನ್ನೂ ಹಾಕಿದ್ದರು. ಜೋಗದ ವಿದ್ಯುತ್ತು ಸಿಕ್ಕ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ನಾವು ಅನ್ನ ಉಂಡದ್ದು ಆ ಕಾರ್ಖಾನೆಯಿಂದ, ಆ ಅನ್ನದಲ್ಲಿ ಕಾಡಿನ ಪಾಲೂ ಇತ್ತು. ಅದನ್ನು ಅಲ್ಲಗಳೆಯುವುದಿಲ್ಲ.

ರೈನ್ ಕನ್ನಡಿಗ:
ನಾನು ಜರ್ಮನಿಯಿಂದ. ಇಲ್ಲಿ ಫ್ರಾನ್ಸ್ ಗಡಿ ಹತ್ರ ಫೋಲ್ಕ್‌ಲಿಂಗೆನ್ ಅಂತ ಊರು. 1873ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1986ರಲ್ಲಿ ನಿಂತಿತು, 1994ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಕುಲುಮೆಯ ಮೇಲ್ತುದಿವರೆಗೂ ಹತ್ತಿ ನೋಡಬಹುದು. ಕೋಲ್‌ಬ್ರೂಕ್‌ಡೇಲ್‌ನಲ್ಲಿ ಹುಟ್ಟಿದ್ದು ಎಷ್ಟು ದೊಡ್ಡದಾಗಿ ಬೆಳೀತು ಅನ್ನೋದು ಅಲ್ಲಿ ಗೊತ್ತಾಗುತ್ತೆ. ಅದನ್ನ ನೋಡಿ ಬಂದಾಗಿನಿಂದ ಒಂದೇ ಯೋಚನೆ: ಭದ್ರಾವತಿಯನ್ನ ಯಾಕೆ ಹೀಗೆ ಮಾಡಬಾರದು? ನೂರು ವರ್ಷ ದಾಟಿದ ಕಾರ್ಖಾನೆ, ವಿಶ್ವೇಶ್ವರಯ್ಯನವರ ಹೆಸರು, ಪಕ್ಕದಲ್ಲೇ ಕೆಮ್ಮಣ್ಣುಗುಂಡಿ, ಜೋಗ. ಪ್ರವಾಸಿಗರು ಬರಲ್ವಾ?

ಕಾಗದನಗರ:
ಬೇಡ. ನಾನು ಊರಲ್ಲೇ ಇದ್ದೀನಿ, ಅದಕ್ಕೆ ಸಿಟ್ಟು ಬರ್ತಿದೆ, ಕ್ಷಮಿಸಿ. ಮ್ಯೂಸಿಯಂ ಮಾಡೋದು ಉಸಿರು ನಿಂತ ಮೇಲೆ. 2023ರ ಜನವರಿಯಲ್ಲಿ ಮುಚ್ಚೋ ನಿರ್ಧಾರ ಬಂದಾಗ ಊರಿಗೆ ಊರೇ ಬೀದಿಗೆ ಬಂತು. ಗುತ್ತಿಗೆ ಕಾರ್ಮಿಕರು ಬಿಸಿಲು ಮಳೆ ಅನ್ನದೆ ಗೇಟ್ ಮುಂದೆ ಕೂತರು. ಅವರ ಮನೆ ಹೆಂಗಸರು ಮಕ್ಕಳೂ ಬಂದು ಕೂತರು. ಅವರಿಗೆ ಬೇಕಿರೋದು ಟಿಕೆಟ್ ಕೌಂಟರ್ ಅಲ್ಲ, ಕೆಲಸ. ಊರಿನ ಪೇಪರ್ ಮಿಲ್ ಮುಚ್ಚಿ ಏನಾಯ್ತು ಅಂತ ನೋಡಿದ್ದೀವಿ. ಇನ್ನೊಂದು ನೋಡೋಕೆ ಶಕ್ತಿ ಇಲ್ಲ.

ರೈನ್ ಕನ್ನಡಿಗ:
ನಾನು ಮುಚ್ಚಿ ಅಂದಿಲ್ಲ. ನಡೆಯೋ ಕಾರ್ಖಾನೆ ನಡೀಲಿ, ಹೊಸ ಬಂಡವಾಳ ಬರಲಿ ಅಂತ ನನ್ನ ಆಸೆನೂ ಅದೇ. ಕೆಲಸಕ್ಕೆ ಬಾರದೆ ಬಿದ್ದಿರೋ ಹಳೇ ಯಂತ್ರ, ಟ್ರಾಮ್ ಎಂಜಿನ್ನು, ಎರಕದ ಅಚ್ಚು, ಹಳೇ ನಕ್ಷೆ, ಇವನ್ನ ಗುಜರಿಗೆ ಹಾಕಬಾರದು ಅಂತಿದ್ದೀನಿ. ಇಂಗ್ಲೆಂಡಿನಲ್ಲಿ ಕುಲುಮೆ ಮಣ್ಣಲ್ಲಿ ಮುಚ್ಚಿತ್ತು, ಅಗೆದರೆ ಸಿಕ್ಕಿತು. ಗುಜರಿಗೆ ಹೋದದ್ದು ಅಗೆದರೆ ಸಿಗುತ್ತಾ?

ಕಾಗದನಗರ:
ಅದಾದರೆ ಸರಿ. ಅಲ್ಲಿ ದುಡಿದ ನಮ್ಮ ಮಾವನಂಥವರ ನೆನಪೂ ಬರೆದಿಟ್ಕೋಬೇಕು. ಅವರು ಹೋದರೆ ಅದೂ ಹೋಯ್ತು.

ಚಿನ್ನದ ಗಣಿ:
ನಮ್ಮ ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದಿವೆ. ಕಾಗದನಗರದವರ ಸಿಟ್ಟು ನನಗೆ ಅರ್ಥ ಆಗುತ್ತೆ. ಊರಲ್ಲಿ ಗಂಟೆ ಗಂಟೆಗೆ ಸೈರನ್ ಕೂಗ್ತಿತ್ತು, ಅದು ನಿಂತ ದಿನದಿಂದ ನಮ್ಮಮ್ಮ ಗಡಿಯಾರ ನೋಡೋದು ಕಲಿತರು.

ದೋಸೆ ಕಾವಲಿ:
ಸೇತುವೆ ಬಗ್ಗೆ ಯಾರೂ ಬರೀತಿಲ್ವಲ್ಲ! ಜಗತ್ತಿನ ಮೊದಲ ಕಬ್ಬಿಣದ ಸೇತುವೆ. ನಟ್ಟು ಬೋಲ್ಟು ತುಂಬಾ ಕಡಿಮೆ, ಬಡಗಿಗಳು ಮರ ಜೋಡಿಸೋ ಹಾಗೆ ಒಂದರ ತುದಿಯನ್ನ ಇನ್ನೊಂದರ ತೂತಿಗೆ ಸೇರಿಸಿ, ಬೆಣೆ ಹಾಕಿ ಜೋಡಿಸಿದ್ದಾರೆ.

ಸೆವರ್ನ್ ದಡ:
"ದೊಡ್ಡ ಎರಕದ ಕಬ್ಬಿಣದ ಸೇತುವೆಗಳಲ್ಲಿ ಮೊದಲನೇದು" ಅನ್ನಿ, ಯಾರೂ ಜಗಳಕ್ಕೆ ಬರಲ್ಲ. 1779ರಲ್ಲಿ ನಿಲ್ಲಿಸಿದ್ದು, 1781ರ ಹೊಸ ವರ್ಷದ ದಿನ ಸಂಚಾರಕ್ಕೆ ತೆರೆದದ್ದು. ಕಮಾನಿನ ಹರವು 30 ಮೀಟರಿಗಿಂತ ಸ್ವಲ್ಪ ಜಾಸ್ತಿ, ಕಬ್ಬಿಣದ ತೂಕ ಸುಮಾರು 378 ಟನ್. ನಕ್ಷೆ ಹಾಕಿದ ಪ್ರಿಚರ್ಡ್ 1777ರಲ್ಲೇ ತೀರಿಕೊಂಡ. ಕಟ್ಟಿಸಿದ ಮೂರನೇ ಅಬ್ರಹಾಂ ಡಾರ್ಬಿ ಖರ್ಚು ಮೀರಿ ಸಾಯೋವರೆಗೂ ಸಾಲದಲ್ಲೇ ಉಳಿದ. ಸುಂಕದ ಮನೆಯ ಫಲಕ ಓದೋದು ಮರೀಬೇಡಿ, ರಾಜಮನೆತನದವರೂ ಸುಂಕ ಕೊಡಬೇಕು ಅಂತ ಬರೆದಿದೆ. 1934ರಲ್ಲಿ ವಾಹನ ನಿಲ್ಲಿಸಿದರು, 1950ರವರೆಗೂ ನಡೆದು ಹೋಗುವವರ ಹತ್ತಿರ ಸುಂಕ ತಗೊಂಡರು. ಕೆಲವು ವರ್ಷದ ಹಿಂದೆ ರಿಪೇರಿ ಮಾಡಿ ಮೊದಲಿದ್ದ ಕೆಂಗಂದು ಬಣ್ಣವನ್ನೇ ಮತ್ತೆ ಹೊಡೆದಿದ್ದಾರೆ.

ಬಳ್ಳಾರಿ ಬಿಸಿಲು:
ಕೆಂಗಂದು ಅಂದ್ರ ನಮ್ಮ ಸಂಡೂರ ಮಣ್ಣಿನ ಬಣ್ಣ ಅನ್ರಿ.

ಹೊಸ ವಲಸೆ:
ಊಟದ ವ್ಯವಸ್ಥೆ ಹೇಗೆ? ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತಾ?

ಮಲೆನಾಡ ಮಳೆ:
ಚೀಸ್ ಸ್ಯಾಂಡ್‌ವಿಚ್, ಸೂಪು, ಚಿಪ್ಸು ಸಿಗುತ್ತೆ. ಹಿರಿಯರಿದ್ದರೆ ಚಿತ್ರಾನ್ನ, ಮೊಸರನ್ನ ಕಟ್ಕೊಂಡು ಹೋಗಿ, ನದಿ ಪಕ್ಕ ಕೂತು ತಿನ್ನಬಹುದು. ಫ್ಲಾಸ್ಕ್‌ನಲ್ಲಿ ಕಾಫಿ.

ತುಂಗೆಯ ತಟ:
ಕುಲುಮೆಯ ಬಾಯಿ ಮೇಲಿನ ಕಬ್ಬಿಣದ ತೊಲೆ ನೋಡೋದು ಬಿಡಬೇಡಿ. ಮೇಲಿನದರಲ್ಲಿ ಅಬ್ರಹಾಂ ಡಾರ್ಬಿ, 1777 ಅಂತ ಎರಕದಲ್ಲೇ ಮೂಡಿದೆ. ಕೆಳಗಿನದರಲ್ಲಿ 1638 ಅಂತ ಕಾಣುತ್ತೆ, ಅದು ಮೂಲದಲ್ಲಿ 1658 ಇದ್ದಿರಬೇಕು ಅನ್ನೋ ವಾದ ಇದೆ. ಏನೇ ಆಗಲಿ, ಡಾರ್ಬಿಗಿಂತ ಹಳೇ ಕುಲುಮೆ ಅದು. ಹಾಳುಬಿದ್ದದ್ದನ್ನ ಅವನು ಗುತ್ತಿಗೆ ಹಿಡಿದು ಸರಿಮಾಡಿದ.

ನ್ಯೂಟೌನ್ ಹುಡುಗ:
ಹೋಗಿ ಬಂದ್ವಿ. ನಿನ್ನೆ ಶನಿವಾರ. ನೀವೆಲ್ಲ ಇಷ್ಟು ಬರೆದಿದ್ದೀರಿ, ನಾನು ಹೇಗಾಯ್ತು ಅಂತ ಹೇಳದೆ ಇದ್ದರೆ ತಪ್ಪಾಗುತ್ತೆ.

ಹಳೇ ಶಿಫ್ಟು ಸರ್ ಬರೆದದ್ದನ್ನ ಕಾರಲ್ಲಿ ಅಪ್ಪನಿಗೆ ಓದಿ ಹೇಳಿದೆ. "ಹೌದಲ್ವಾ, ನಮ್ಮಪ್ಪ ಹೊತ್ತ ಸೌದೆ" ಅಂದ್ರು, ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ. ಕುಲುಮೆ ಮುಂದೆ ಹೋಗಿ ನಿಂತ ಮೇಲೆ ನೋಡಿ, ಬಾಯಿ ಬಿಟ್ಟರು. ಅಲ್ಲಿದ್ದ ಫಲಕ ನಾನು ಓದೋಕೆ ಮುಂಚೆನೇ ಕೈ ತೋರಿಸಿ ಹೇಳ್ತಾ ಹೋದರು: ಗಾಳಿ ಈ ಕಡೆಯಿಂದ ಬರ್ತಿತ್ತು, ಕಬ್ಬಿಣ ಇಲ್ಲಿ ಇಳೀತಿತ್ತು, ಕಿಟ್ಟ ಮೇಲೆ ತೇಲೋದ್ರಿಂದ ಅದನ್ನ ಮೊದಲು ತೆಗೀತಿದ್ರು. ಒಳಗಿನ ಕಲ್ಲು ಶಾಖಕ್ಕೆ ಗಾಜಿನ ಥರ ಕರಗಿ ಹೊಳೀತಿದೆ. ಅದನ್ನ ತುಂಬಾ ಹೊತ್ತು ನೋಡಿದರು. ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ಅಜ್ಜ ಮೊಮ್ಮಗನ ಜೊತೆ ನಿಂತಿದ್ದರು, ಅವರೂ ಫೌಂಡ್ರಿಯಲ್ಲಿ ದುಡಿದವರಂತೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಬ್ಬರೂ ಕೈಯಲ್ಲೇ ಮಾತಾಡ್ಕೊಂಡ್ರು. ಅಪ್ಪ ಅಂಗಿ ತೋಳು ಮೇಲೆತ್ತಿ ಮೊಣಕೈ ಹತ್ರ ಇರೋ ಸುಟ್ಟ ಕಲೆ ತೋರಿಸಿದರು. ಆ ಅಜ್ಜ ತಮ್ಮ ಕೋಟು ಬಿಚ್ಚಿ ತಮ್ಮ ಕಲೆ ತೋರಿಸಿದರು. ನಾನು ದುಭಾಷಿ ಕೆಲಸ ಮಾಡೋಣ ಅಂತ ಹೋದೆ, ಬೇಕಾಗಲಿಲ್ಲ.

ಸೇತುವೆ ಹತ್ರ ಇನ್ನೊಂದು ವಿಷಯ. ಕೆಳಗಿನ ದಡದಿಂದ ಕಮಾನಿನ ದೊಡ್ಡ ಪಕ್ಕೆಗಳನ್ನ ನೋಡ್ತಾ "ಇದನ್ನ ತೆರೆದ ಮರಳಲ್ಲಿ ಹೊಯ್ದಿದ್ದಾರೆ, ಮೇಲೆ ಅಚ್ಚು ಮುಚ್ಚಿಲ್ಲ" ಅಂದ್ರು. ಹೇಗೆ ಗೊತ್ತಾಯ್ತು ಅಂದೆ. ಒಂದು ಮೈ ನಯ, ಇನ್ನೊಂದು ಮೈ ಒರಟು, ನೋಡು ಅಂದ್ರು. ನನಗೆ ಅಷ್ಟು ದೂರದಿಂದ ಏನೂ ಕಾಣಲಿಲ್ಲ.

ಅಮ್ಮ ಪಾತ್ರೆಗಳ ಮುಂದೆ ಅರ್ಧ ಗಂಟೆ ನಿಂತರು. ದೋಸೆ ಕಾವಲಿ ಅವರಿಗೆ ಥ್ಯಾಂಕ್ಸ್.

ಸೆವರ್ನ್ ದಡ:
ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ. ತೆರೆದ ಮರಳಲ್ಲಿ ಹೊಯ್ದದ್ದು ಅಂತಲೇ ಸಂಶೋಧಕರೂ ಹೇಳಿರೋದು. ಅರ್ಧ ಅಳತೆಯ ಮಾದರಿ ಎರಕ ಹೊಯ್ದು ನೋಡಿದ ಮೇಲೆ ಆ ನಿರ್ಧಾರಕ್ಕೆ ಬಂದರು. ಹೆಚ್ಚಿನ ತುಂಡುಗಳನ್ನ ಅದರದರ ಜಾಗಕ್ಕೆ ಹೊಂದೋ ಹಾಗೆ ಒಂದೊಂದಾಗಿ ಹೊಯ್ದಿದ್ದಾರೆ, ಒಂದರ ಅಳತೆ ಇನ್ನೊಂದಕ್ಕೆ ಪೂರ್ತಿ ಸೇರಲ್ಲ. ಆರು ವರ್ಷದಿಂದ ಆ ಸೇತುವೆ ನೋಡ್ತಿದ್ದೀನಿ, ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಹಳೇ ಶಿಫ್ಟು:
ಓದಿ ಕಣ್ಣು ತುಂಬಿ ಬಂತು ತಮ್ಮಾ. ನಿನ್ನ ತಂದೆ ಯಾವ ವಿಭಾಗದಲ್ಲಿದ್ದರು? ಗುರುತಿನವರೇ ಇರಬೇಕು. ಹೆಸರು ಇಲ್ಲಿ ಬೇಡ, ಖಾಸಗಿಯಾಗಿ ಕಳಿಸು.

ರೈನ್ ಕನ್ನಡಿಗ:
ಅವರು ಹೇಳೋದನ್ನೆಲ್ಲ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ ದಯವಿಟ್ಟು. ಇವತ್ತೇ ಶುರು ಮಾಡಿ.

ನ್ಯೂಟೌನ್ ಹುಡುಗ:
ಶುರು ಮಾಡಿದ್ದೀನಿ. ನಿನ್ನೆ ರಾತ್ರಿ ನಲವತ್ತು ನಿಮಿಷ. ಮರಳಿಗೆ ಎಷ್ಟು ತೇವ ಇರಬೇಕು ಅಂತ ಮುಷ್ಟಿಯಲ್ಲಿ ಹಿಡಿದು ನೋಡೋದು ಹೇಗೆ ಅನ್ನೋದೇ ಹತ್ತು ನಿಮಿಷ ಆಯ್ತು. ಹಳೇ ಶಿಫ್ಟು ಸರ್, ನಿಮಗೆ ಖಾಸಗಿಯಾಗಿ ಬರೆದಿದ್ದೀನಿ. ಅಪ್ಪ ಪಕ್ಕದಲ್ಲೇ ಕೂತಿದ್ದಾರೆ, ಉತ್ತರ ಬಂತಾ ಅಂತ ಎರಡು ಸಲ ಕೇಳಿದರು.

ಹೊಸ ವಲಸೆ:
ನಾವು ಮುಂದಿನ ಶನಿವಾರ ಹೊರಟ್ವಿ, ಅತ್ತೆ ಮಾವನ ಜೊತೆ. ಕುಲುಮೆ ಹತ್ರ ಕೂತ್ಕೊಳ್ಳೋಕೆ ಜಾಗ ಇದೆಯಾ?

ನ್ಯೂಟೌನ್ ಹುಡುಗ:
ಅದನ್ನ ಗಮನಿಸಲೇ ಇಲ್ಲ. ಮಂಡಿನೋವಿರೋ ಅಪ್ಪ ಒಂದೂವರೆ ಗಂಟೆ ನಿಂತೇ ಇದ್ದರು. ಒಂದು ಮಡಚೋ ಕುರ್ಚಿ ಕಾರಲ್ಲಿ ಇಟ್ಕೊಂಡು ಹೋಗಿ.